ಗ್ಲೌಸಿನ ಸದ್ದಿಗೆ ಪಂಕ್ತಿಭೇದವಿಲ್ಲ

ಮೆಲ್ಬರ್ನ್ ನಗರದ ಉತ್ತರದ ತುದಿ, ಕ್ರೇಗಿಬರ್ನ್. ಸೆಪ್ಟೆಂಬರ್ ಕೊನೆಯ ಶನಿವಾರ. ಬೇಸ್‌ಬಾಲ್ ಮೈದಾನದ ಹುಲ್ಲಿನ ಮೇಲೆ ಮಂಜು ಉಪ್ಪು ಚೆಲ್ಲಿದ ಹಾಗೆ ಬಿದ್ದಿದೆ. ಆಚೆ ಹೈವೇಯಲ್ಲಿ ಸಿಡ್ನಿ ಕಡೆಗೆ ಹೊರಟ ಲಾರಿಗಳ ಗುಡುಗು. ಬೇಲಿಯ ಪಕ್ಕದಲ್ಲಿ ವೇದಾವತಿ ಟ್ರ್ಯಾಕ್ ಪ್ಯಾಂಟಿನ ಮೇಲೆ ಮೊಣಕಾಲಿನ ಪ್ಯಾಡ್ ಬಿಗಿಯುತ್ತಿದ್ದಾರೆ. ಜಡೆಯನ್ನು ಸ್ವೆಟರಿನೊಳಗೆ ತೂರಿಸಿ, ಮುಖಕ್ಕೆ ಕಬ್ಬಿಣದ ಜಾಲರಿ ಏರಿಸಿ, ಎಡಗೈಗೆ ದಪ್ಪ ಚರ್ಮದ ಗ್ಲೌಸ್ ತೊಟ್ಟು ಕುಕ್ಕರಗಾಲಲ್ಲಿ ಕೂರುತ್ತಾರೆ. ಕೂತವರು ಮೊದಲು ನೋಡುವುದು ಚೆಂಡು ಎಸೆಯುವವರ ಕಡೆಗಲ್ಲ, ಕಾರ್ ಪಾರ್ಕಿನ ಕಡೆಗೆ. ಅಲ್ಲೊಂದು ಬಿಳಿ ಕಾರು ನಿಂತಿದೆ. ಎಂಜಿನ್ ಆರಿಲ್ಲ. ಕಿಟಕಿಯ ಗಾಜಿನ ಮೇಲೆ ಒಳಗಿನವರ ಉಸಿರು ಹಬೆಯಾಗಿ ಕೂತಿದೆ.

"ಇಳೀತಾರೋ ಇಲ್ವೋ ನೋಡ್ಬೇಕು," ಎನ್ನುತ್ತಾರೆ ವೇದಾವತಿ, ಜಾಲರಿಯ ಹಿಂದಿನಿಂದ. "ಇಳೀಲಿಲ್ಲ ಅಂದ್ರೆ ನಾನು ಎದ್ದು ಹೋಗ್ತೀನಿ ಕಣ್ರಿ. ಇದು ಹೇಳಿ ಆಗೈತೆ."

ಕಾರಿನಲ್ಲಿರುವವರು ಕ್ಲಬ್ಬಿನ ಆಯ್ಕೆ ಸಮಿತಿಯವರು. ಇವತ್ತು ಅವರು ಹೊಸ ಹುಡುಗರ ಟ್ರಯಲ್ ನೋಡಬೇಕು. ಸಿಡ್ನಿ ಮತ್ತು ಮೆಲ್ಬರ್ನಿನ ಕೆಲವು ಸಣ್ಣ ಕ್ಲಬ್ಬುಗಳು ಸೇರಿ ನಡೆಸುವ ಅಮೆಚೂರ್ ಲೀಗ್ ಒಂದಿದೆ. ಸಂಬಳ ಪಡೆಯದ ಆಟಗಾರರ ಲೀಗ್ ಅದು. ಅದರ ಡ್ರಾಫ್ಟ್ ಮುಂದಿನ ತಿಂಗಳು ಸಿಡ್ನಿಯಲ್ಲಿ. ಡ್ರಾಫ್ಟ್ ಅಂದರೆ ಕ್ಲಬ್ಬುಗಳು ಸರದಿಯ ಪ್ರಕಾರ ಒಬ್ಬೊಬ್ಬ ಹೊಸ ಆಟಗಾರನನ್ನು ಆರಿಸಿಕೊಳ್ಳುವ ದಿನ. ಎಲ್ಲರ ಕಣ್ಣೂ ಪಿಚರ್ ಮೇಲೆ. ಕ್ರಿಕೆಟ್ಟಿಗೆ ಬೌಲರ್ ಹೇಗೋ ಬೇಸ್‌ಬಾಲಿಗೆ ಪಿಚರ್ ಹಾಗೆ. ಅವನು ಎಸೆದದ್ದನ್ನು ಕೂತು ಹಿಡಿಯುವವರು ಕ್ಯಾಚರ್. ವೇದಾವತಿ ಈ ಕ್ಲಬ್ಬಿನ ಬೆಳಗಿನ ಕ್ಯಾಚರ್. ಪಂದ್ಯದ ದಿನ ಬೇರೊಬ್ಬ ಬರುತ್ತಾನೆ, ಅವನ ಫೋಟೊ ಕ್ಲಬ್ಬಿನ ಗೋಡೆಯ ಮೇಲಿದೆ. ವಾರವಿಡೀ ಬೆಳಗಿನ ಚಳಿಯಲ್ಲಿ ಪಿಚರುಗಳ ಚೆಂಡು ಹಿಡಿದು ಅವರ ತೋಳನ್ನು ಪಂದ್ಯಕ್ಕೆ ಸಿದ್ಧಮಾಡುವ ಈಕೆಯ ಫೋಟೊ ಎಲ್ಲಿಯೂ ಇಲ್ಲ. ಒಂದು ಬೆಳಗ್ಗೆ ಎಷ್ಟು ಚೆಂಡು ಹಿಡಿಯುತ್ತಾರೆ ಎಂದು ಕೇಳಿದರೆ ಅವರೂ ಹೇಳಲಾರರು. ಎಣಿಸುವಷ್ಟು ಮುಖ್ಯ ಎಂದು ಯಾರಿಗೂ ಅನ್ನಿಸಿಲ್ಲ.

ವೇದಾವತಿ ಹಿರಿಯೂರಿನವರು. ತಾಯಿ ಕೆಂಪಮ್ಮ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವರು. ಮಗಳು ಅದೇ ಹಾಸ್ಟೆಲಿನ ಒಲೆಯ ಮುಂದೆ ಕೂತು ಓದಿ ದಾವಣಗೆರೆಯ ಕಾಲೇಜು ಸೇರಿದಾಗ, ದೈಹಿಕ ಶಿಕ್ಷಣದ ಅನಸೂಯಾ ಮೇಡಂ ಬೇಸ್‌ಬಾಲಿನಂಥದೇ ಆಟವಾದ ಸಾಫ್ಟ್‌ಬಾಲ್‌ಗೆ ತಂಡ ಕಟ್ಟುತ್ತಿದ್ದರು. ಎಸೆಯಲು ಎಲ್ಲರೂ ಮುಂದೆ, ಹಿಡಿಯಲು ಕೂರುವವರಿಲ್ಲ. "ಮೇಡಂ ನನ್ನ ಕಡೆ ಬೆರಳು ತೋರ್ಸಿ, ಏ ಒಲೆ ಹುಡುಗಿ, ನಿಂಗೆ ಕುಕ್ಕರಗಾಲಲ್ಲಿ ಕೂತು ಅಭ್ಯಾಸ ಇರುತ್ತೆ, ಬಾ ಇಲ್ಲಿ ಅಂದ್ರು," ಎಂದು ನಗುತ್ತಾರೆ. "ಬೈಗುಳ ಅನ್ಕೊಂಡೆ. ಅಲ್ಲ, ಕೆಲಸ ಕೊಟ್ಟಿದ್ರು."

ಮದುವೆಯಾಗಿ ಇಲ್ಲಿಗೆ ಬಂದರು. ಗಂಡ ಯತೀಶ್ ಓದಲು ಬಂದು ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಪಡೆದವರು, ನಗರದ ಒಂದು ಕಂಪನಿಯಲ್ಲಿ ಕಂಪ್ಯೂಟರ್ ರಿಪೇರಿಯ ಕೆಲಸ. ವೇದಾವತಿಯ ಕೆಲಸ ವಿಮಾನ ನಿಲ್ದಾಣದ ಹತ್ತಿರ, ವಿಮಾನದ ಊಟ ಕಟ್ಟುವ ದೊಡ್ಡ ಅಡುಗೆಮನೆಯಲ್ಲಿ. ಮುಂದಿನ ಸೀಟಿನವರಿಗೆ ಪಿಂಗಾಣಿ ತಟ್ಟೆ, ಬಟ್ಟೆಯ ಕರವಸ್ತ್ರ. ಹಿಂದಿನವರಿಗೆ ಫಾಯಿಲ್ ಡಬ್ಬಿ. ಕಟ್ಟುವ ಕೈ ಒಂದೇ. "ನಮ್ಮಮ್ಮ ಹಾಸ್ಟೆಲಲ್ಲಿ ವಾರ್ಡನ್ ಮಗಳಿಗೂ ಅದೇ ಸೌಟು, ಕೂಲಿಯವನ ಮಗಳಿಗೂ ಅದೇ ಸೌಟು ಹಾಕೋಳು. ಅದ್ಕೆ ಎರಡು ಸಲ ಮೆಮೊ ತಗೊಂಡ್ಳು. ನಾನಿಲ್ಲಿ ದಿನಾ ಪಂಕ್ತಿಭೇದ ಮಾಡಿ ಡಬ್ಬಿ ಕಟ್ತೀನಿ. ಹೊಟ್ಟೆಪಾಡು, ಏನ್ ಮಾಡದು?"

ಮಗಳು ಅಪೂರ್ವಳನ್ನು ಮಕ್ಕಳ ಆಟಕ್ಕೆ ಬಿಡಲು ಬಂದ ಒಂದು ಬೆಳಗ್ಗೆ ಈ ಮೈದಾನದಲ್ಲಿ ಪಿಚರ್ ಒಬ್ಬ ಹಿಡಿಯುವವರಿಲ್ಲದೆ ಗೋಡೆಗೆ ಎಸೆಯುತ್ತಿದ್ದ. ವೇದಾವತಿ ಹೋಗಿ, ನಾನು ಕೂರಲೇ ಎಂದರು. ಕ್ಲಬ್ಬಿನ ಅಧ್ಯಕ್ಷ ಡೆಸ್, ನಿವೃತ್ತ ಪ್ಲಂಬರ್, ಗಹಗಹಿಸಿ ನಕ್ಕರಂತೆ: "ಲವ್, ಕೈ ಮುರ್ಕೊಂಡು ಹೋಗ್ತೀಯ." 'ಲವ್' ಅಂದರೆ ಇಲ್ಲಿನ ಮುದುಕರ ಬಾಯಲ್ಲಿ 'ಏನಮ್ಮ' ಎಂದ ಹಾಗೆ. ನಗು ನಿಂತದ್ದು ನಾಲ್ಕನೆಯ ಚೆಂಡಿಗೆ. ಅಂದಿನಿಂದ ವೇದಾವತಿ ಇಲ್ಲಿದ್ದಾರೆ. ಎಡಗೈ ತೋರುಬೆರಳು ಎರಡು ಸಲ ಊದಿ ದಪ್ಪವಾಗಿ, ಈಗ ಹಾಗೆಯೇ ಉಳಿದುಬಿಟ್ಟಿದೆ. ಅರಿಶಿನ ಹಚ್ಚಿಕೊಂಡು ಕೂತರೆ ಯತೀಶ್ ಛೇಡಿಸುತ್ತಾರಂತೆ, "ನಿಶ್ಚಿತಾರ್ಥದ ಉಂಗುರ ಇನ್ನು ಆ ಬೆರಳಿಗೆ ಏರಲ್ಲ ಬಿಡು" ಎಂದು. ಅಪೂರ್ವಳದು ಒಂದೇ ಮಾತು: "ಮಮ್, ದೇ ಡೋಂಟ್ ಈವನ್ ಸೇ ಥ್ಯಾಂಕ್ಸ್."

ಈಗ ಸದ್ದಿನ ವಿಷಯ. ಚೆಂಡು ಗ್ಲೌಸಿನ ಅಂಗೈಗೆ ಬಿದ್ದರೆ ಪುಸ್ ಎಂದು ಸಾಯುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಗುಳಿಯಲ್ಲಿ ಹಿಡಿದರೆ ಫಟಾರ್ ಎನ್ನುತ್ತದೆ, ಪಟಾಕಿಯಂತೆ. ಬೇಕೆಂದೇ ಗುಳಿಯಲ್ಲಿ ಹಿಡಿಯುವುದು ಒಳ್ಳೆಯ ಕ್ಯಾಚರ್‌ನ ರೂಢಿ. ಆ ಸದ್ದು ಕೇಳಿದ ಪಿಚರ್‌ಗೆ ತನ್ನ ತೋಳಿನ ಮೇಲೆ ನಂಬಿಕೆ ಹುಟ್ಟುತ್ತದೆ, ಭುಜ ಸಡಿಲಾಗುತ್ತದೆ, ಮುಂದಿನ ಎಸೆತ ನೆಟ್ಟಗೆ ಬರುತ್ತದೆ. ಬೆಲೆ ತೆರುವುದು ತೋರುಬೆರಳು.

ಕಳೆದ ವರ್ಷದ ಟ್ರಯಲಿಗೆ ಸಿಡ್ನಿಯಿಂದ ಕೈಲ್ ಎಂಬ ಹುಡುಗ ಬಂದಿದ್ದ. ರಾತ್ರಿ ಬಸ್ಸಿನಲ್ಲಿ ಬಂದವನ ಮೊದಲ ಚೆಂಡುಗಳು ಬೇಲಿಗೆ ಹೋದವು. ವೇದಾವತಿ ಅವನ ಒಂದೊಂದು ಎಸೆತವನ್ನೂ ಗುಳಿಗೆ ಎಳೆದುಕೊಂಡು ಸಿಡಿಸಿದರು. ಹುಡುಗ ಅರಳಿದ. ಇಷ್ಟರಲ್ಲಿ ತಪ್ಪೇನಿಲ್ಲ. ತಪ್ಪು ಇದ್ದದ್ದು ಕಾರಿನಲ್ಲಿ. ಚಳಿ ಎಂದು ಆಯ್ಕೆ ಸಮಿತಿ ಹೀಟರ್ ಹಾಕಿಕೊಂಡು, ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿ, ಫ್ಲಾಸ್ಕಿನ ಟೀ ಕುಡಿಯುತ್ತ ಕಿವಿಯಿಂದಲೇ ಟ್ರಯಲ್ ನೋಡುತ್ತಿತ್ತು! ವೇಗ ಅಳೆಯುವ ಯಂತ್ರ ಕ್ಲಬ್ಬಿನಲ್ಲಿಲ್ಲ. ನಲವತ್ತು ವರ್ಷ ಆಟ ಕಂಡ ಕಿವಿಗೆ ಯಂತ್ರ ಯಾಕೆ ಎಂಬುದು ಡೆಸ್ ಅವರ ಹೆಮ್ಮೆ. ಫಟಾರ್ ಕೇಳಿದರು, ಡ್ರಾಫ್ಟಿನಲ್ಲಿ ಮೊದಲ ಸರದಿಯಲ್ಲೇ ಕೈಲನನ್ನು ಆರಿಸಿದರು. ಪಂದ್ಯಗಳಲ್ಲಿ ಎದುರಾಳಿಗಳು ಅವನನ್ನು ಚಚ್ಚಿ ಹಾಕಿದರು. ಪಂದ್ಯದ ಗದ್ದಲದಲ್ಲಿ ಗ್ಲೌಸಿನ ಸದ್ದು ಯಾರಿಗೂ ಕೇಳಿರಲಿಲ್ಲ. ಒಂದು ಬೆಳಗ್ಗೆ ವೇದಾವತಿ ಶಿಫ್ಟಿಗೆ ಹೋಗಿದ್ದಾಗ ಬೇರೊಬ್ಬ ಅವನ ಚೆಂಡು ಹಿಡಿದ, ಸದ್ದು ಪುಸ್ ಎಂದಿತು, ಗುಟ್ಟು ಬಯಲಾಯಿತು. ಕ್ರಿಸ್‌ಮಸ್‌ಗೆ ಮುಂಚೆ ಕೈಲ್ ಸಿಡ್ನಿಗೆ ವಾಪಸ್ಸಾದ.

ಯಾರ ಮೇಲೆ ಬಂತು ಅಪವಾದ? ಕಾರಿನಿಂದ ಇಳಿಯದ ಮಹಾಶಯರ ಮೇಲಲ್ಲ. ಚಳಿಯಲ್ಲಿ ಕೂತು ಬೆರಳು ಊದಿಸಿಕೊಂಡವಳ ಮೇಲೆ! ನೋಡಲು ಕಣ್ಣಿದ್ದವರು ನೋಡಲಿಲ್ಲ. ಆದರೂ ಮೋಸ ಮಾಡಿದ್ದು ಗ್ಲೌಸಂತೆ. ದುಡಿಯುವವರ ಒಳ್ಳೆಯತನವನ್ನೇ ದುಡಿಮೆಯ ದೋಷವೆಂದು ಬರೆಯುವ ಈ ಚಾಳಿಗೆ ದೇಶ ಭಾಷೆಗಳ ಗಡಿಯಿಲ್ಲ. ಹಾಸ್ಟೆಲಿನಲ್ಲಿ ಅದರ ಹೆಸರು ಮೆಮೊ. ಇಲ್ಲಿ ಅದು "ನಥಿಂಗ್ ಪರ್ಸನಲ್, ಲವ್."

ಈ ವರ್ಷದ ಟ್ರಯಲಿಗೆ ಹೊರಗಿನಿಂದ ಕ್ಯಾಚರ್ ಕರೆಸುವುದು, ವೇದಾವತಿ ಚೆಂಡಿನ ಬಕೆಟ್ ನೋಡಿಕೊಳ್ಳುವುದು ಎಂದು ಸಮಿತಿ ಮಾತಾಡಿಕೊಂಡಿತು. ಗುರುವಾರದ ಸಭೆಗೆ ಅವರನ್ನು ಕರೆದದ್ದು ಅದನ್ನು ತಿಳಿಸಲು. ಸಮಿತಿಯ ಏಕೈಕ ಹೆಂಗಸು ಲಿಂಡ್ಸೆ, ಶಾಲಾ ಬಸ್ಸಿನ ಡ್ರೈವರ್, ಅಲ್ಲಿ ನಡೆದದ್ದನ್ನು ಕೇಳಿದವರಿಗೆಲ್ಲ ಹೇಳುತ್ತಾರೆ.

"ನೀನು ಎಲ್ಲರಿಗೂ ಸದ್ದು ಮಾಡ್ತೀಯ, ನಮಗೆ ಗೊತ್ತಾಗಲ್ಲ," ಎಂದರಂತೆ ಡೆಸ್. "ಸದ್ದು ಮಾಡದ ಹಾಗೆ ಹಿಡಿಯೋಕೆ ಆಗುತ್ತಾ?"

"ಆಗುತ್ತೆ. ಮಾಡಲ್ಲ."

"ಮತ್ತೆ ನಾವು ಆರಿಸೋದು ಹೇಗೆ?"

"ಕಾರಿಂದ ಇಳೀರಿ. ಇಳೀಲಿಲ್ಲ ಅಂದ್ರೆ ಎದ್ದು ಹೋಗ್ತೀನಿ."

"ಅಲ್ಲಿ ಕೊರೆಯೋ ಚಳಿ, ಲವ್."

"ನಾನೂ ಅದೇ ಚಳೀಲಿ ಕೂತಿರ್ತೀನಿ, ಡೆಸ್."

ಲಿಂಡ್ಸೆ ಟೇಬಲ್ ಬಡಿದು ನಕ್ಕರಂತೆ. ಬೇರೆ ಯಾರೂ ನಗಲಿಲ್ಲ. ಸರಿ, ನೋಡೋಣ ಎಂದು ಸಭೆ ಮುಗಿಯಿತು. ಆ 'ನೋಡೋಣ'ದ ಅರ್ಥ ಏನೆಂದು ತಿಳಿಯಬೇಕಾದದ್ದು ಇವತ್ತು. ವೇದಾವತಿ ಇಲ್ಲಿ ಉಳಿಯುವುದು ಕ್ಯಾಚರ್ ಆಗಿಯೋ, ಬಕೆಟ್ಟಿನವಳಾಗಿಯೋ, ಅಥವಾ ಯಾವುದೂ ಬೇಡವೆಂದು ಗ್ಲೌಸ್ ಕಳಚಿಟ್ಟು ಹೋಗುವುದೋ ಎಂದು.

ಬಿಳಿ ಕಾರಿನ ಬಾಗಿಲು ತೆರೆಯುತ್ತದೆ. ಮೊದಲು ಲಿಂಡ್ಸೆ, ಕೊಡೆಯಷ್ಟು ಅಗಲದ ಕೋಟಿನಲ್ಲಿ. ಆಮೇಲೆ ಇನ್ನಿಬ್ಬರು ಮುದುಕರು. ತುಂಬ ಹೊತ್ತು ಯಾರೂ ಇಲ್ಲ. ಕೊನೆಗೆ ಎಂಜಿನ್ ಆರುತ್ತದೆ, ಡೆಸ್ ಇಳಿಯುತ್ತಾರೆ. ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡಿದ್ದಾರೆ.

"ಕಿವಿ ಮುಚ್ಚಿದ್ದು ಚಳಿಗಾ, ನನ್ ಗ್ಲೌಸಿಗಾ?" ವೇದಾವತಿ ಕೂತಲ್ಲಿಂದಲೇ ಕೂಗುತ್ತಾರೆ.

"ಎರಡಕ್ಕೂ," ಎಂದು ಗೊಣಗಿ ಡೆಸ್ ವೇದಾವತಿಯ ಬೆನ್ನ ಹಿಂದೆ, ತಪ್ಪಿದ ಚೆಂಡು ತಡೆಯುವ ಬಲೆಯ ಆಚೆ ಬಂದು ನಿಲ್ಲುತ್ತಾರೆ. ಇಷ್ಟು ವರ್ಷದಲ್ಲಿ ಅವರು ಆ ಜಾಗದಲ್ಲಿ ನಿಂತದ್ದು ಇದೇ ಮೊದಲು ಎಂದು ಆಮೇಲೆ ಲಿಂಡ್ಸೆ ಹೇಳುತ್ತಾರೆ.

ಮೊದಲು ಎಸೆಯುವವನು ಡ್ಯಾರನ್, ತೆಂಗಿನ ಮರದಂಥ ಎತ್ತರ. ಚೆಂಡು ಬಂದದ್ದೇ ಕಾಣುವುದಿಲ್ಲ. ಫಟಾರ್! ಮುಂದಿನದು ವೇದಾವತಿಯ ತಲೆಯ ಮೇಲಿಂದ ಹಾರಿ ಬಲೆಗೆ ಬಡಿದಾಗ ಡೆಸ್ ಹಿಂದಕ್ಕೆ ಜಿಗಿಯುತ್ತಾರೆ. ಆಮೇಲೆ ಎಮ್ರೆ, ಪಕ್ಕದ ಸಬರ್ಬಿನ ತುರ್ಕಿ ಬೇಕರಿಯವರ ಮಗ, ಕುಳ್ಳ, ಎಡಗೈ. ಅವನ ಚೆಂಡು ಅವಸರವಿಲ್ಲದೆ ಬರುತ್ತದೆ, ಕೊನೆಯ ಗಳಿಗೆಯಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ ಕೆಳಗೆ ಕುಸಿಯುತ್ತದೆ. ಫಟಾರ್! ಮೂರನೆಯವನು ಇಟ್ಟಿಗೆ ಕೆಲಸ ಕಲಿಯುತ್ತಿರುವ ಜೋಯಲ್. ಅವನ ಎಸೆತದಲ್ಲಿ ವೇಗವೂ ಇಲ್ಲ, ತಿರುವೂ ಇಲ್ಲ. ಕೆಲಸಕ್ಕೆ ಹೋಗುವ ಮುಂಚೆ ಬಂದಿದ್ದಾನೆ, ಬೂಟಿನ ಮೇಲೆ ನಿನ್ನೆಯ ಸಿಮೆಂಟ್. ಮೆತ್ತಗೆ ಬಂದ ಚೆಂಡಿನಿಂದ ಸದ್ದು ಹೊರಡಿಸುವುದೇ ಕಷ್ಟ. ಅದಕ್ಕೆ ಕೈಯನ್ನು ಮುಂದೆ ಚಾಚಿ, ಬೆರಳನ್ನೇ ಒಡ್ಡಬೇಕು. ವೇದಾವತಿ ಒಡ್ಡುತ್ತಾರೆ. ಫಟಾರ್! ಹುಡುಗನ ಮುಖ ಬೆಳಗುತ್ತದೆ, ಸಂಕೋಚದಿಂದ ಟೋಪಿ ಸರಿಮಾಡಿಕೊಳ್ಳುತ್ತಾನೆ.

ಬಲೆಯ ಹಿಂದೆ ಜಗಳ ಶುರು.

"ಎತ್ತರದವನೇ ಬೇಕು," ಎನ್ನುತ್ತಾರೆ ಡೆಸ್. "ಎತ್ತರ ಕಲಿಸೋಕಾಗಲ್ಲ."

"ಗುರಿ ಕಲಿಸ್ತೀಯಾ? ಈಗ ತಾನೆ ನಿನ್ನ ಹಲ್ಲು ಉದುರಿಸ್ತಿದ್ದ," ಲಿಂಡ್ಸೆ.

"ಎಡಗೈಯವನು ಇನ್ನೂ ಬೆಳೀತಾನಾ?"

"ಮದುವೆಗೆ ಗಂಡು ನೋಡ್ತಿದ್ದೀಯಾ? ಚೆಂಡು ಬೀಳೋದು ನೋಡು!"

ಕೊನೆಗೆ ಡೆಸ್ ಬಲೆಗೆ ಬಾಯಿ ಹಚ್ಚಿ ಕೇಳುತ್ತಾರೆ, "ವೇದಾ, ನೀನೇ ಹೇಳು, ಯಾರು?"

ವೇದಾವತಿ ಜಾಲರಿ ಎತ್ತುತ್ತಾರೆ. "ನನ್ನ ಕೇಳ್ಬೇಡಿ. ಕಳೆದ ವರ್ಷ ಕೈಲ್ ನಿಂತ್ಕೋತಾನೆ ಅಂತ ನಾನೂ ಅಂದ್ಕೊಂಡಿದ್ದೆ, ನಿಂತ್ಕೊಳ್ಳಲಿಲ್ಲ. ನಾನು ಹಿಡಿಯೋಳು. ಆರ್ಸೋರು ನೀವು. ಆರ್ಸಿ, ತಪ್ಪಾದ್ರೆ ನೀವೇ ಹೊತ್ಕೊಳ್ಳಿ."

ವಾದ ಇನ್ನಷ್ಟು ಏರುತ್ತದೆ. ಎಮ್ರೆಗೆ ಮತ್ತೆ ಎಸೆಯಲು ಹೇಳುತ್ತಾರೆ, ಡ್ಯಾರನ್‌ಗೂ. ಸೂರ್ಯ ಮೇಲೇರಿ ಹುಲ್ಲಿನ ಮಂಜು ನೀರಾಗಿ ಎಲ್ಲರ ಬೂಟೂ ಒದ್ದೆ. ವೇದಾವತಿಗೆ ಶಿಫ್ಟಿನ ಹೊತ್ತು. ಪ್ಯಾಡು ಬಿಚ್ಚಿ ಚೀಲಕ್ಕೆ ತುರುಕಿ, ಎಡಗೈಯನ್ನು ಕಂಕುಳಲ್ಲಿ ಒತ್ತಿಕೊಂಡು ಕಾರ್ ಪಾರ್ಕಿನತ್ತ ನಡೆಯುತ್ತಾರೆ. ಹಿಂದಿನಿಂದ ಡೆಸ್ ಏದುಸಿರು ಬಿಡುತ್ತ ಬರುತ್ತಾರೆ. ಟೋಪಿ ಈಗ ಕಿವಿಯಿಂದ ಮೇಲಿದೆ.

"ಮುಂದಿನ ಶನಿವಾರ ಇನ್ನೂ ಕೆಲವರು ಬರ್ತಾರೆ. ನೀನು ಬರ್ತೀಯ ತಾನೆ? ಹಿಡಿಯೋಕೆ?"

"ನೀವು ಇಳೀತೀರ ತಾನೆ?"

ಡೆಸ್ ತಲೆಯಾಡಿಸುತ್ತಾರೆ. ಥ್ಯಾಂಕ್ಸ್ ಇವತ್ತೂ ಇಲ್ಲ. ಆದರೆ ಬಕೆಟ್ಟಿನ ಮಾತೂ ಇಲ್ಲ.

ತನ್ನ ಕಾರಿನ ಬಾಗಿಲು ತೆಗೆದು ವೇದಾವತಿ ಮೈದಾನದ ಕಡೆ ಒಮ್ಮೆ ತಿರುಗಿ ನೋಡುತ್ತಾರೆ. ಬಿಳಿ ಕಾರು ಖಾಲಿ ನಿಂತಿದೆ. ಸಮಿತಿ ಇನ್ನೂ ಬಲೆಯ ಹಿಂದೆ ಕೈ ಬೀಸಿ ಜಗಳವಾಡುತ್ತಿದೆ. ಇಟ್ಟಿಗೆ ಕೆಲಸದ ಜೋಯಲ್ ಮಾತ್ರ ಗೇಟು ದಾಟಿ ಹೋಗುತ್ತಿದ್ದಾನೆ, ನಡೆಯುತ್ತಲೇ ತೋಳು ಬೀಸಿ ಇಲ್ಲದ ಚೆಂಡೊಂದನ್ನು ಎಸೆಯುತ್ತ.

"ಆ ಹುಡುಗನ್ನ ಯಾರೂ ತಗೊಳ್ಳಲ್ಲ, ನಂಗೊತ್ತು. ಅವನಿಗೂ ಗೊತ್ತಿರುತ್ತೆ," ಎನ್ನುತ್ತಾರೆ, ಊದಿದ ಬೆರಳನ್ನು ಮಡಚಲು ನೋಡುತ್ತ, ಮಡಚಲಾಗದೆ ಬಿಟ್ಟು. "ಈಗ ಹೋಗಿ ಪಿಂಗಾಣಿ ಬೇರೆ, ಫಾಯಿಲ್ ಬೇರೆ ಮಾಡ್ಬೇಕು ನಾನು. ಇಲ್ಲಿ ಮಾತ್ರ ಹಂಗೆ ಮಾಡ್ಲಿಲ್ಲ ಕಣ್ರಿ. ನಮ್ಮಮ್ಮ ನೋಡಿದ್ರೆ ಬೈಯೋ ಹಂಗೆ ಯಾರಿಗೂ ಬಡಿಸ್ಲಿಲ್ಲ."