ಅಡುಗೆ ನಿಂದು, ವಿಜ್ಞಾನ ನಂದು

ಕೈಪಂಪಿನಿಂದ ಎರಡನೇ ಬಕೆಟ್ಟು ಹೊತ್ತು ತರುವಷ್ಟರಲ್ಲೇ ಎನೆಲೆಸಿಗೆ ಅರ್ಧ ದಿನದ ಸುಸ್ತಾಗಿರುತ್ತಿತ್ತು. ಡೆಡ್ಜಾ ಗುಡ್ಡದ ಆ ಹಳ್ಳಿ ಶಾಲೆಗೆ ಪಾಠ ಮಾಡಿ ಕಲಿಯಲೆಂದು ಟೀಚರ್ಸ್ ಕಾಲೇಜು ಕಳಿಸಿದ್ದು ಇಬ್ಬರನ್ನು: ಅವಳು, ಮತ್ತು ಅವಳಿಗಿಂತ ಚಿಕ್ಕವನಾದ ವೈಸನ್. ಬಂದ ವಾರವೇ ಇಬ್ಬರಲ್ಲಿ ಒಪ್ಪಂದವಾಗಿತ್ತು. ಅವನ ಪಾಲಿನ ನ್ಸೀಮಾ, ಅಂದರೆ ಮೆಕ್ಕೆಜೋಳದ ಮುದ್ದೆ, ತೊಳಸುವುದು, ಬಟ್ಟೆ ಒಗೆಯುವುದು ಇವಳು. ಇವಳ ನಾಲ್ಕನೇ ತರಗತಿಗೆ ವಿಜ್ಞಾನ ಹೇಳಿಕೊಡುವುದು ಅವನು. ಕಾಲೇಜಿನಲ್ಲೂ ಹುಡುಗರು ಪ್ರಯೋಗ ಮಾಡುವಾಗ ಲೋಟ ತೊಳೆದಿಟ್ಟವಳೇ ಅವಳು. ವಿಜ್ಞಾನದ ಪಾಠವೆಂದರೆ ಹಿಂದೆ ಸರಿಯುತ್ತಿದ್ದಳು.

ಆವತ್ತು ಕಾಲೇಜಿನಿಂದ ನಂಖೋಮಾ ಮೇಡಂ ಹೇಳದೆ ಕೇಳದೆ ಬಂದರು.

"ನಿನ್ನ ವಿಜ್ಞಾನದ ಪಾಠ ನೋಡ್ಬೇಕಮ್ಮ. ಇದ್ರಲ್ಲಿ ಪಾಸಾಗದಿದ್ರೆ ಈ ವರ್ಷ ಸರ್ಟಿಫಿಕೇಟ್ ಇಲ್ಲ."

"ವಿಜ್ಞಾನ ವೈಸನ್ ತಗೋತಾನೆ, ಮೇಡಂ."

"ನಿನ್ನ ಹಗ್ಗದ ಮೇಲೆ ಅವನ ಷರಟು ಕಂಡಾಗ್ಲೇ ಅಂದ್ಕೊಂಡೆ. ನಡಿ."

ಪಾಠ ಉರಿಯುವುದರ ಬಗ್ಗೆ. ಎನೆಲೆಸಿ ಮಣ್ಣಿನ ನೆಲದ ಮೇಲೆ ಮೇಣದಬತ್ತಿ ಹಚ್ಚಿ ಗಾಜಿನ ಜಾಡಿ ಬೋರಲು ಹಾಕಿದಳು. ಈಗ ಆರುತ್ತದೆ ಎಂದಳು. ಆರಲಿಲ್ಲ. ಮಕ್ಕಳು ಒಮ್ಮೆ ಬತ್ತಿಯನ್ನು, ಒಮ್ಮೆ ಅವಳನ್ನು ನೋಡಿದರು. ಬೆಳಗಿನಿಂದ ದುಡಿದ ಮೈ, ನಾಟಕ ಆಡಲೂ ತ್ರಾಣವಿರಲಿಲ್ಲ.

"ಯಾಕೆ ಆರ್ಲಿಲ್ಲ, ನಂಗೂ ಗೊತ್ತಿಲ್ಲ. ಬನ್ನಿ, ನೋಡೋಣ."

ಹುಡುಗಿಯೊಬ್ಬಳು ಹೊಟ್ಟೆ ಮೇಲೆ ಮಲಗಿ ಇಣುಕಿದಳು. "ಕೆಳಗೆ ಸಂದಿ ಇದೆ, ಟೀಚರ್. ನಮ್ಮನೆ ಒಲೆ ಥರ."

ಎನೆಲೆಸಿ ಹಸಿಮಣ್ಣು ತರಿಸಿ ಜಾಡಿಯ ಸುತ್ತ ಮೆತ್ತಿದಳು. ಉರಿ ಕುಗ್ಗಿತು, ಆರಿತು. ಮಕ್ಕಳು ಮತ್ತೆ ಹಚ್ಚಿ ಅಂದರು. ಮತ್ತೆ ಹಚ್ಚಿದಳು.

"ಪಾಸು," ಎಂದರು ಮೇಡಂ ಹೊರಡುವಾಗ. "ದನಿ ಮಾತ್ರ ಇನ್ನೂ ಸಣ್ಣದು."

ಸಂಜೆ ವೈಸನ್ ಬಾಗಿಲಲ್ಲಿ ನಿಂತ. "ಅಕ್ಕಾ, ನ್ಸೀಮಾಕ್ಕೆ ಏನು ಪಲ್ಯ?"

"ನಾಳೆಯಿಂದ ನನ್ನ ವಿಜ್ಞಾನ ನಾನೇ ತಗೋತೀನಿ."

"ತಗೋ. ಅದಕ್ಕೂ ಊಟಕ್ಕೂ ಏನು ಸಂಬಂಧ?"

"ಅದೇ ಅಲ್ವೇನೋ ಒಪ್ಪಂದ?"

ಅವನು ಗೊಣಗುತ್ತಾ ಒಲೆಯ ಮುಂದೆ ಕುಕ್ಕರಿಸಿದ. ಸೌದೆ ತುರುಕಿದ, ಊದಿದ, ಕೆಮ್ಮಿದ. ಹೊಗೆ ಹೊಸಿಲು ದಾಟಿ ಬಂತು.

"ಸಂದಿ ಬಿಡು," ಅಂದಳು ಕೂತಲ್ಲಿಂದಲೇ. "ಗಾಳಿ ಆಡ್ಬೇಕು."

ಅವಳಿಗೂ ಹಸಿವಾಗಿತ್ತು. ಎದ್ದು ಹೋದರೆ ಒಂದು ಗಳಿಗೆಯ ಕೆಲಸ. ಆಮೇಲೆ ನಾಳೆಯದೂ ಅವಳದೇ. ಕಾಲು ಚಾಚಿಕೊಂಡು ಕೂತೇ ಇದ್ದಳು.