ಎರಡು ಹಿತ್ತಾಳೆ ಬೋಲ್ಟು

ಬೀದಿಯವರೆಲ್ಲ ಅವಳನ್ನು ಮರೆಗುಳಿ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಮರೆಯುವ ಹೆಂಗಸಲ್ಲ. ಒಂಬತ್ತು ವರ್ಷದ ಹಿಂದೆ ಯಾರು ಯಾವ ಮಾತಾಡಿದರು, ಆಡುವಾಗ ಯಾವ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರು ಎಂಬುದನ್ನೂ ಹೇಳಬಲ್ಲವಳು.

ಆಗ ಅವಳು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅಂಟು ಕಾಯಿಸುತ್ತಿದ್ದಳು. ಕರೆಂಟಿನ ಒಲೆ, ಅದರ ಪಿಂಗಾಣಿ ತಟ್ಟೆಯ ಮೇಲೆ ಸಾವಿರ ವ್ಯಾಟ್ ಎಂದು ಅಚ್ಚೊತ್ತಿತ್ತು. ತಂತಿಯ ಸುರುಳಿ ಸುಟ್ಟು ತುಂಡಾದಾಗಲೆಲ್ಲ ಫೋರ್‌ಮನ್ ಹೊಸದನ್ನು ತರಿಸುತ್ತಿರಲಿಲ್ಲ. ಸುಟ್ಟ ಭಾಗವನ್ನು ಕತ್ತರಿಸಿ ಎಸೆದು, ಉಳಿದ ತುದಿಗಳನ್ನು ಚೌಕ ತಲೆಯ ಹಿತ್ತಾಳೆ ಬೋಲ್ಟಿನಿಂದ ಬಿಗಿಯುತ್ತಿದ್ದ. ಆ ಬೋಲ್ಟು ಪೆಟ್ಟಿಗೆ ಹೊಲಿಯುವ ಯಂತ್ರದ್ದು, ಬೇರೆಲ್ಲೂ ಸಿಗುತ್ತಿರಲಿಲ್ಲ.

"ನೋಡು, ಮೊದಲಿಗಿಂತ ಬೇಗ ಕಾಯುತ್ತೆ. ನನ್ನ ಕೈಗುಣ!" ಎಂದು ಮೀಸೆ ತೀಡುತ್ತಿದ್ದ.

ಎರಡನೆಯ ಸಲ ಹಾಗೆ ಬಿಗಿದ ವಾರದಲ್ಲೇ ಅಂಟು ಭಗ್ಗೆಂದು ಹೊತ್ತಿಕೊಂಡಿತು. ಕಲಕುತ್ತ ನಿಂತಿದ್ದ ಅವಳ ಎಡಗೈ ಮೊಣಕೈವರೆಗೆ ಬೆಂದಿತು. ಯಜಮಾನರ ಮುಂದೆ ಫೋರ್‌ಮನ್ ಹೇಳಿದ್ದು ಒಂದೇ ಮಾತು: "ಸ್ವಿಚ್ ಆರಿಸೋದು ಮರೆತು ಹೊರಗೆ ಹೋಗಿದ್ದಳು ಸ್ವಾಮಿ." ಹೊರಗೆ ಹೋದವಳ ಕೈ ಹೇಗೆ ಬೆಂದಿತು ಎಂದು ಒಬ್ಬರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಲೋಕರೂಢಿ. ಕೆಲಸ ಹೋಯಿತು, ಹೆಸರು ಬಂತು. ಮನೆಯಲ್ಲಿ ನಾದಿನಿ ಕೂಡ, "ಅತ್ತಿಗೆ, ಹಾಲು ಒಲೆ ಮೇಲಿದೆ. ಜ್ಞಾಪಕ ಇದೆಯೋ, ಊರಿಗೆ ಬೆಂಕಿ ಇಡ್ತೀಯೋ?" ಎಂದು ನಗುವಳು.

ಅವಳೂ ನಗುತ್ತಿದ್ದಳು. ಕಾರ್ಖಾನೆಯ ತಿಪ್ಪೆಯಿಂದ ಆ ಒಲೆಯನ್ನು ಹೆಕ್ಕಿ ತಂದು, ಹಳೆಯ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದಳು. ಅದರಿಂದ ಏನಾಗಬೇಕೆಂದು ಅವಳಿಗೇ ಗೊತ್ತಿರಲಿಲ್ಲ.

ಗೊತ್ತಾದದ್ದು ಕೆಲಸಗಾರರ ಸಂಘದ ಭಾನುವಾರದ ವೈರಿಂಗ್ ತರಗತಿಯಲ್ಲಿ. ಯಾರೂ ಕೆಲಸ ಕೊಡದಿದ್ದಾಗ, ಫ್ಯಾನು ಇಸ್ತ್ರಿಪೆಟ್ಟಿಗೆ ರಿಪೇರಿಯನ್ನಾದರೂ ಕಲಿಯೋಣವೆಂದು ಸೇರಿದ್ದಳು. ಒಂದು ದಿನ ಮೇಷ್ಟ್ರು ಹಲಗೆಯ ಮೇಲೆ ಬರೆದರು: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ, ಅದನ್ನು ಓಮ್‌ನಲ್ಲಿ ಹೇಳಬೇಕು, ಎರಡನ್ನೂ ಗುಣಿಸಿದರೆ ಶಕ್ತಿ, ಅದು ವ್ಯಾಟ್‌ನಲ್ಲಿ. "ತಂತಿಯ ಉದ್ದ ಕಡಿಮೆಯಾದರೆ ರೋಧ ಇಳಿಯುತ್ತೆ. ರೋಧ ಇಳಿದರೆ ಕರೆಂಟು ಏರುತ್ತೆ, ಶಾಖವೂ ಏರುತ್ತೆ" ಎಂದರು.

ಬೂದಿ ಮುಚ್ಚಿದ ಕೆಂಡಕ್ಕೆ ಯಾರೋ ಊದುಗೊಳವೆ ಹಿಡಿದಂತಾಯಿತು. ಮುಂದಿನ ವಾರ ಒಲೆಯನ್ನು ತಂದು ಮೀಟರಿಗೆ ಕಟ್ಟಿ ನೋಡಿದಳು. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ.

"ಮೇಷ್ಟ್ರೇ, ಕೊನೇ ಪರೀಕ್ಷೆಗೆ ನಮ್ಮ ಕಾರ್ಖಾನೆ ಫೋರ್‌ಮನ್ನರನ್ನೇ ಕರೆಸಿ. ಯಜಮಾನರೂ ಬರಲಿ."

"ಯಾಕಮ್ಮ, ಅವರೇ ಯಾಕೆ?"

"ಅವರ ಕೈಯಲ್ಲೇ ಪಾಸಾಗಬೇಕು ಅಂತ ಆಸೆ."

ಪರೀಕ್ಷೆಯ ದಿನ ಫೋರ್‌ಮನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಪ್ರತಿಯೊಬ್ಬರೂ ಮನೆಯಿಂದ ತಂದ ಒಂದು ಉಪಕರಣವನ್ನು ಅಳೆದು ಲೆಕ್ಕ ಹಾಕಿ ತೋರಿಸಬೇಕು. ಅವಳ ಸರದಿ ಬಂದಾಗ ಒಲೆಯನ್ನು ಮೇಜಿನ ಮೇಲಿಟ್ಟಳು.

"ಓಹೋ, ಮರೆಗುಳಿ! ಸ್ವಿಚ್ಚು ಎಲ್ಲಿದೆ ಅಂತ ನೆನಪಿದೆಯಾ?" ಎಂದ ಅವನು. ಎಲ್ಲರೂ ನಕ್ಕರು.

"ಒಲೆ ಹೇಗಿದೆ, ನೀವೇ ಒಮ್ಮೆ ನೋಡಿ ಹೇಳಿಬಿಡಿ ಸಾರ್."

ಅವನು ಬಗ್ಗಿ ನೋಡಿದ. "ಥೂ! ಎರಡು ಕಡೆ ಕತ್ತರಿಸಿ ಬೋಲ್ಟು ಹಾಕಿದಾರೆ. ಇದನ್ನ ಮಾಡಿದ ಕತ್ತೆ ಯಾರು? ಇಂಥವರಿಂದಲೇ ಮನೆಗೆ ಬೆಂಕಿ ಬೀಳೋದು."

"ಜೋರಾಗಿ ಹೇಳಿ ಸಾರ್, ಯಜಮಾನರಿಗೆ ಕೇಳಿಸಲಿಲ್ಲ" ಎಂದು ಅವಳು ಸ್ವಿಚ್ ಹಾಕಿದಳು. ವೋಲ್ಟು ಇನ್ನೂರ ಮೂವತ್ತು. ಕರೆಂಟು ಆರು ಪಾಯಿಂಟ್ ನಾಲ್ಕು. ಸುರುಳಿ ಕೆಂಪಗಾಗಿ, ಬೆಳ್ಳಗಾಗತೊಡಗಿತು.

"ಸಾವಿರ ವ್ಯಾಟಿನ ಒಲೆಗೆ ಐವತ್ಮೂರು ಓಮ್ ಇರಬೇಕು. ಇದರಲ್ಲಿ ಇರೋದು ಮೂವತ್ತಾರು. ಸಾವಿರ ಅಲ್ಲ, ಹತ್ತಿರ ಹತ್ತಿರ ಒಂದೂವರೆ ಸಾವಿರ ವ್ಯಾಟ್ ಉರೀತಾ ಇದೆ. ಅಂಟು ಹೊತ್ತಿಕೊಳ್ಳೋಕೆ ಸ್ವಿಚ್ ಮರೀಬೇಕಾಗಿಲ್ಲ, ಯಜಮಾನರೇ."

ಯಜಮಾನರು ಕನ್ನಡಕ ಏರಿಸಿ ಹತ್ತಿರ ಬಂದರು. "ಚೌಕ ತಲೆ... ಇದು ನಮ್ಮ ಹೊಲಿಗೆ ಯಂತ್ರದ ಬೋಲ್ಟಲ್ಲವೇನಯ್ಯಾ?"

ಫೋರ್‌ಮನ್ ಅವಳ ಪಕ್ಕಕ್ಕೆ ಸರಿದ. ಮೆಲ್ಲಗೆ, "ಅಕ್ಕಾ, ಹಳೇದೆಲ್ಲ ಬಿಟ್ಟುಬಿಡು" ಎಂದ. ಒಂಬತ್ತು ವರ್ಷದಲ್ಲಿ ಅವನು ಅಕ್ಕಾ ಎಂದದ್ದು ಅದೇ ಮೊದಲು. ಅವಳು ಬೆಂದ ಕೈಯಿಂದಲೇ ಸ್ವಿಚ್ ಆರಿಸಿದಳು.

"ತಪ್ಪಾಯಿತಮ್ಮ, ಮತ್ತೆ ಕೆಲಸಕ್ಕೆ ಬಾ" ಎಂದರು ಯಜಮಾನರು.

"ಕೆಲಸ ನಾನು ನೋಡ್ಕೋತೀನಿ. ನಾಳೆ ಬೆಳಿಗ್ಗೆ ಕಾರ್ಖಾನೆ ಬಾಗಿಲಲ್ಲಿ, ಎಲ್ಲರೂ ಒಳಗೆ ಹೋಗೋ ಹೊತ್ತಿಗೆ, ಇವರೇ ನಿಂತು ಈ ಲೆಕ್ಕ ಮಾಡಿ ತೋರಿಸಲಿ. ಬೋಲ್ಟು ಯಾರದ್ದು ಅಂತಾನೂ ಹೇಳಲಿ."

ಮೇಷ್ಟ್ರು, "ಇಷ್ಟು ಸಾಕಲ್ಲವೇನಮ್ಮಾ?" ಎಂದರು. ಸಾಕಾಗಿರಲಿಲ್ಲ.

ಮರುದಿನ ಬಾಗಿಲ ಬಳಿ ಕಪ್ಪು ಹಲಗೆ ನಿಂತಿತ್ತು. ನಾದಿನಿಯನ್ನೂ ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲೇ ನಿಲ್ಲಿಸಿದ್ದಳು. ಫೋರ್‌ಮನ್ ತಲೆ ತಗ್ಗಿಸಿ ಬರೆದ, ಬೋಲ್ಟು ಹಾಕಿದ್ದು ತಾನೇ ಎಂದ, ಗುಣಿಸಿದ. ಸೀಮೆಸುಣ್ಣ ಎರಡು ಸಲ ಮುರಿಯಿತು. ಕೊನೆಗೆ, "ಸಾವಿರದ ನಾನೂರ ಎಪ್ಪತ್ತು" ಎಂದು ಕೈ ಕೊಡವಿಕೊಂಡ.

"ಸಾವಿರದ ನಾನೂರ ಎಪ್ಪತ್ತೆರಡು" ಎಂದಳು ಅವಳು. "ಎರಡು ವ್ಯಾಟ್ ಮರೆತಿರಿ ಸಾರ್. ಮೊದಲಿಂದ ಹೇಳಿ."