ಐದು ಗಂಟೆಯ ಬೀಗ

ಯೇವಲೆಯ ಹತ್ತಿರವಿರುವ ನಮ್ಮ ಕೃಷಿ ಕಾಲೇಜಿನ ಹೊಸ ಕಟ್ಟಡಕ್ಕೆ ನಕ್ಷೆ ಹಾಕಿದವರು ಕುಂದಾತಾಯಿ ದರಾಡೆ. ಈರುಳ್ಳಿ ಬೆಳೆಯುವ ಮನೆಯ ಮಗಳು. ನಾಲ್ಕು ವರ್ಷ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳದೆ ಇದಕ್ಕೇ ಜೀವ ತೇಯ್ದರು. ದಪ್ಪ ಕಲ್ಲಿನ ಗೋಡೆ, ಸರಳು ಹಾಕಿದ ಅಗಲ ಕಿಟಕಿ, ಸೂರಿನ ಕೆಳಗೆ ಬಿಸಿಗಾಳಿ ಹೋಗಲು ಕಿಂಡಿ. ರಾತ್ರಿಯಿಡೀ ಎಲ್ಲ ತೆರೆದಿಟ್ಟು ಬೆಳಿಗ್ಗೆ ಮುಚ್ಚಿದರೆ ಗೋಡೆ ತಂಪು ಹಿಡಿದಿಡುತ್ತದೆ, ಬೇಸಿಗೆಯಲ್ಲೂ ಎ.ಸಿ. ಬೇಡ. ಇದು ಗೆದ್ದರೆ ಹಾಸ್ಟೆಲನ್ನೂ ಅವರಿಂದಲೇ ಕಟ್ಟಿಸುತ್ತೇವೆಂದು ಆಡಳಿತ ಮಂಡಳಿ ಮಾತು ಕೊಟ್ಟಿತ್ತು.

ಆದರೆ ನಮ್ಮ ಜವಾನ ಗೋರಖ ಸಂಜೆ ಐದಾಯಿತೆಂದರೆ ಎಲ್ಲ ಕಿಟಕಿಗಳ ಚಿಲಕ ಹಾಕಿ, ಬಾಗಿಲಿಗೆ ಬೀಗ ಜಡಿದು ಹೊರಡುತ್ತಿದ್ದ.

“ಸರಳಿದೆಯಲ್ಲ ಗೋರಖ ಭಾವು, ಕಳ್ಳ ಎಲ್ಲಿಂದ ಬರ್ತಾನೆ? ಕಿಟಕಿ ತೆಗೆದಿಟ್ಟು ಹೋಗಿ” ಎನ್ನುತ್ತಿದ್ದರು ಕುಂದಾತಾಯಿ.

“ಆರ್ಡರ್ ತನ್ನಿ ತಾಯಿ, ಛಾವಣೀನೇ ತೆಗೆದಿಟ್ಟು ಹೋಗ್ತೀನಿ.”

ಆರ್ಡರ್ ಕೊಡಬೇಕಾದ ಪ್ರಾಂಶುಪಾಲ ಕೋಟ್ಮೆ ಸಾಹೇಬರು, “ನೋಡೋಣ, ಅರ್ಜಿ ಇಟ್ಟು ಹೋಗಿ” ಅನ್ನುತ್ತಿದ್ದರು. ಮೂರು ಅರ್ಜಿ ಇಟ್ಟದ್ದಾಯಿತು. ಮೂರನ್ನೂ ಟೈಪು ಮಾಡಿದವನು ನಾನೇ, ಇಲ್ಲಿನ ಗ್ರಂಥಾಲಯದ ಗುಮಾಸ್ತ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಈರುಳ್ಳಿ ಕೆಡದಂತೆ ಕೂಡಿಡುವುದರಲ್ಲಿ ಈ ಸಾಹೇಬರು ದೊಡ್ಡ ಪಂಡಿತರು. ರಾತ್ರಿ ಗಾಳಿ ಎಷ್ಟು ಮುಖ್ಯ ಎಂದು ರಾತ್ರಿಯಿಡೀ ಮುಚ್ಚಿಟ್ಟು ಬೇಯುತ್ತಿದ್ದ ಇದೇ ಕಟ್ಟಡದ ಕೋಣೆಯಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತ ಪಾಠ ಮಾಡುತ್ತಿದ್ದರು!

ಮೇ ತಿಂಗಳಲ್ಲಿ ಮಂಡಳಿಯವರು ಕಟ್ಟಡ ನೋಡಲು ಬಂದರು. ಬೆಳಿಗ್ಗೆ ಹತ್ತಕ್ಕೇ ಒಳಗೆ ಕೂರಲಾಗಲಿಲ್ಲ.

“ಏನ್ ತಾಯಿ, ಕಾಲೇಜು ಕಟ್ಟಿದ್ರೋ, ಇಟ್ಟಿಗೆ ಭಟ್ಟಿ ಕಟ್ಟಿದ್ರೋ?” ಎಂದು ಅಧ್ಯಕ್ಷರು ಟೋಪಿಯಿಂದಲೇ ಗಾಳಿ ಹಾಕಿಕೊಂಡರು.

ಕುಂದಾತಾಯಿ ಕಿಟಕಿಯ ಮಾತೆತ್ತಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಹೇಬರು ಎಲ್ಲರನ್ನೂ ಎದುರಿನ ಈರುಳ್ಳಿ ಶೆಡ್ಡಿಗೆ ಕರೆದೊಯ್ದರು. ಬಿದಿರಿನ ತಟ್ಟಿಯ ಸಂದಿಯಿಂದ ಹಾಯಾಗಿ ಗಾಳಿ ಬೀಸುತ್ತಿತ್ತು. ರಾಶಿಗಳ ನಡುವೆ ಕುರ್ಚಿ ಹಾಕಿಸಿದರು, ಮಜ್ಜಿಗೆ ಬಂತು. ಅಲ್ಲೇ ಕೂತು ಇಪ್ಪತ್ತೆರಡು ಎ.ಸಿ.ಗಳಿಗೆ ಸಹಿ ಹಾಕಿದರು. ಹಾಸ್ಟೆಲ್ ಕೆಲಸ ಬೇರೆಯವರಿಗೆ ಹೋಯಿತು.

ಕುಂದಾತಾಯಿ ಮೆಲ್ಲಗೆ ಕೇಳಿದರು: “ಸಾಹೇಬ್ರೇ, ಈ ಶೆಡ್ಡನ್ನ ರಾತ್ರಿ ಹೊತ್ತು ಮುಚ್ಚಿಸಲ್ವಾ?”

“ಅಯ್ಯೋ, ಮುಚ್ಚಿದ್ರೆ ಈರುಳ್ಳಿ ಕೊಳೆತು ಹೋಗಲ್ವೇನಮ್ಮ!” ಎಂದು ಸಾಹೇಬರು ನಕ್ಕರು. ಉಳಿದವರೂ ನಕ್ಕರು.

ಕುಂದಾತಾಯಿ ನಕ್ಷೆ ಸುತ್ತಿಕೊಂಡು ಎದ್ದರು. ಅವರ ಮಜ್ಜಿಗೆ ಹಾಗೇ ಉಳಿದಿತ್ತು.